ಕೆಂಡ ಕಾಣುವ ಮುಂಚೆಯೇ ಕೆಟ್ಟ ಟ್ಯೂನಾ

ಓದುಗರ ಪ್ರಶ್ನೆ, ಬೋಟಿನ ಅಡುಗೆಯವನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಟ್ಯೂನಾದವೇ. ಒಂದಂತೂ ನಾಲ್ಕು ಪುಟ ಇತ್ತು, ಜೊತೆಗೆ ಮೂರು ಫೋಟೊ ಬೇರೆ. ಅದನ್ನು ಚಿಕ್ಕದು ಮಾಡಿ ಮೊದಲಿಗೆ ಹಾಕಿದ್ದೇನೆ. ಜಾಗವೆಲ್ಲ ಅದೇ ತಿಂದುಹಾಕಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಣ್ಣಾ, ನಾವು ಐದು ಜನ ಮೊದಲ ಸಲ ಆಳಸಮುದ್ರಕ್ಕೆ ಗಾಳ ಹಾಕಲು ಹೋಗಿದ್ದೆವು. ಬೆಳಿಗ್ಗೆ ಹತ್ತರ ಸುಮಾರಿಗೆ ನನ್ನ ಗಾಳಕ್ಕೆ ಹದಿನಾಲ್ಕು ಕಿಲೋದ ಯೆಲ್ಲೋಫಿನ್ ಟ್ಯೂನಾ ಬಿತ್ತು. ಮುಕ್ಕಾಲು ಗಂಟೆ ಎಳೆದಾಡಿ ಮೇಲಕ್ಕೆ ತಂದೆವು. ಫೋಟೊ ತೆಗೆದುಕೊಂಡು, ಒದ್ದೆ ಗೋಣಿ ಮುಚ್ಚಿ ಡೆಕ್ಕಿನ ಮೇಲೇ ಇಟ್ಟೆವು. ದಡ ಸೇರಿದ್ದು ಸಂಜೆ ನಾಲ್ಕಕ್ಕೆ. ನಿಂಬೆರಸ, ಉಪ್ಪು, ಖಾರ ಹಚ್ಚಿ ಎರಡು ಗಂಟೆ ನೆನೆಸಿ ರಾತ್ರಿ ಕೆಂಡದ ಮೇಲೆ ಗ್ರಿಲ್ ಮಾಡಿದೆವು. ಸೀಮೆಸುಣ್ಣ ಅಗಿದ ಹಾಗಿತ್ತು, ಮೇಲೆ ಒಂಥರಾ ಹುಳಿ. ತಿಂದ ಅರ್ಧ ಗಂಟೆಗೆ ನನ್ನ ಭಾವನ ಮುಖ ಕೆಂಪಗಾಗಿ, ಕತ್ತಿನ ಮೇಲೆ ದದ್ದು ಎದ್ದು, ತಲೆ ಸಿಡಿಯತೊಡಗಿತು. ಬೆಳಗಾಗುವಷ್ಟರಲ್ಲಿ ಸರಿಹೋದರು. ಇನ್ನು ಜನ್ಮದಲ್ಲಿ ಮೀನು ಮುಟ್ಟುವುದಿಲ್ಲ ಅಂತ ಕೂತಿದ್ದಾರೆ. ಗ್ರಿಲ್ ಮಾಡುವಾಗ ನಾವು ಎಲ್ಲಿ ತಪ್ಪಿದೆವು?

ಉತ್ತರ: ಭಾವನ ಸುದ್ದಿಯನ್ನು ನೀವು ಪತ್ರದ ಕೊನೆಗೆ ಬರೆದಿದ್ದೀರಿ. ನನಗೆ ಅದೇ ಮೊದಲು.

ಮುಖ ಕೆಂಪೇರುವುದು, ದದ್ದು, ತಲೆನೋವು, ಎದೆ ಡವಡವ, ಕೆಲವರಿಗೆ ಭೇದಿ. ಇಷ್ಟೂ ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಬಂದು, ದಿನ ಕಳೆಯುವುದರೊಳಗೆ ಇಳಿದುಹೋದರೆ ಅದು ಹೆಚ್ಚಾಗಿ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸ. ಟ್ಯೂನಾ, ಬಂಗುಡೆ ಎಲ್ಲ ಒಂದೇ ಕುಟುಂಬದವು. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಧಾರಾಳ. ಸತ್ತ ಮೀನು ಬೆಚ್ಚಗೆ ಬಿದ್ದಿದ್ದರೆ ಕಿವಿರಿನಲ್ಲಿ, ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಡುತ್ತವೆ. ಒಮ್ಮೆ ಆಯಿತೋ, ಬೇಯಿಸಿದರೂ ಹೋಗದು, ಫ್ರೀಜರಿಗೆ ಹಾಕಿದರೂ ಹೋಗದು. ಕೆಟ್ಟ ವಾಸನೆ ಬರಲೇಬೇಕು ಅಂತಲೂ ಇಲ್ಲ. ಕೆಲವೊಮ್ಮೆ ನಾಲಿಗೆಯ ತುದಿಯಲ್ಲಿ ಕಾಳುಮೆಣಸು ಕಡಿದ ಹಾಗೆ ಚುರುಗುಟ್ಟುತ್ತದೆ, ಆದರೆ ಖಾರ ಹಚ್ಚಿದ ತುಂಡಿನಲ್ಲಿ ಅದು ಯಾರಿಗೆ ತಿಳಿಯಬೇಕು? ಅದೇ ಮೀನಿನ ಒಂದು ತುಂಡಿನಲ್ಲಿ ಹೆಚ್ಚಿದ್ದು ಪಕ್ಕದ ತುಂಡಿನಲ್ಲಿ ಕಮ್ಮಿ ಇರಬಹುದು. ನೀವೆಲ್ಲ ಪಾರಾಗಿ ಭಾವ ಒಬ್ಬರೇ ಸಿಕ್ಕಿಬಿದ್ದದ್ದು ಹಾಗೆ.

ನೋಡಲು ಅಲರ್ಜಿಯ ತದ್ರೂಪ. ಅದಕ್ಕೇ ಎಷ್ಟೋ ಜನ ಸುಮ್ಮಸುಮ್ಮನೆ ಜೀವನಪೂರ್ತಿ ಮೀನು ಬಿಟ್ಟಿದ್ದಾರೆ. ಭಾವನನ್ನು ಒಮ್ಮೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಯಾವ ಮೀನು, ಎಷ್ಟು ಹೊತ್ತು ಐಸ್ ಇಲ್ಲದೆ ಬಿದ್ದಿತ್ತು ಎಂಬುದನ್ನೂ ಹೇಳಿ. ಅಲರ್ಜಿ ಹೌದೋ ಅಲ್ಲವೋ ಅವರು ನೋಡಿ ಹೇಳಲಿ. ಇನ್ನು ಮುಂದೆ ಯಾರಿಗಾದರೂ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದ ಹಾಗಾದರೆ ಬೆಳಗಾಗಲಿ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೊರಡಿ.

ಈಗ ಸೀಮೆಸುಣ್ಣದ ವಿಚಾರ. ನಿಮ್ಮ ಎರಡನೇ ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ನೀವು ಮೀನನ್ನು ಮಗುವಿನ ಹಾಗೆ ತೋಳಿನಲ್ಲಿ ಹಿಡಿದು ನಗುತ್ತಿದ್ದೀರಿ. ನಿಮ್ಮ ನೆರಳು ನಿಮ್ಮ ಕಾಲಬುಡದಲ್ಲೇ ಇದೆ, ಅಂದರೆ ನೆತ್ತಿಯ ಮೇಲೆ ಸೂರ್ಯ. ಹಿಂದೆ ಐಸ್‌ಬಾಕ್ಸ್ ಇದೆ, ಅದರ ಮುಚ್ಚಳ ತೆರೆದಿದೆ, ಒಳಗೆ ಬಾಟಲಿಗಳ ಕತ್ತು ಕಾಣುತ್ತಿದೆ. ಡೆಕ್ಕಿನ ಮೇಲೆ ಒಂದು ಹನಿ ರಕ್ತ ಇಲ್ಲ. ಎಷ್ಟು ಚೊಕ್ಕಟ! ನನಗೆ ಸಂಕಟವಾದದ್ದೇ ಆ ಚೊಕ್ಕಟ ನೋಡಿ. ಟ್ಯೂನಾ ಹಿಡಿದ ಐದು ನಿಮಿಷಕ್ಕೆ ಡೆಕ್ ಕಸಾಯಿಖಾನೆಯ ಹಾಗೆ ಕಾಣಬೇಕು ಸ್ವಾಮಿ.

ಬೇರೆ ಹೆಚ್ಚಿನ ಮೀನುಗಳ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ. ಟ್ಯೂನಾದ್ದು ಹಾಗಲ್ಲ. ಅದು ಬಾಯಿ ತೆರೆದುಕೊಂಡು ಈಜುತ್ತಲೇ ಇರಬೇಕು, ನಿಂತರೆ ಕಿವಿರಿಗೆ ನೀರು ಹರಿಯದೆ ಉಸಿರು ನಿಲ್ಲುತ್ತದೆ. ಹೀಗೆ ಬಿಡುವಿಲ್ಲದೆ ದುಡಿಯುವ ಸ್ನಾಯುಗಳಲ್ಲಿ ಹುಟ್ಟುವ ಬಿಸಿ ಹೊರಗೆ ಹೋಗದಂತೆ ಒಳಗೇ ತಿರುಗಿಸಿ ಕಳಿಸುವ ರಕ್ತನಾಳಗಳ ಜಾಲ ಅದರ ಮೈಯಲ್ಲಿದೆ. ಗಾಳಕ್ಕೆ ಬಿದ್ದು ಮುಕ್ಕಾಲು ಗಂಟೆ ಜೀವ ಬಿಟ್ಟು ಎಳೆದಾಡಿದಾಗ ಆ ಬಿಸಿ ಇನ್ನೂ ಏರುತ್ತದೆ, ಜೊತೆಗೆ ಮಾಂಸದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಆಗ ತಾನೇ ಮೇಲೆ ಬಂದ ಮೀನಿನ ಗಾಯಕ್ಕೆ ಬೆರಳು ಹಾಕಿ ನೋಡಿ, ಉಗುರುಬೆಚ್ಚಗಿನ ನೀರಿಗೆ ಅದ್ದಿದ ಹಾಗಿರುತ್ತದೆ. ಆ ಬಿಸಿಯೂ ಹುಳಿಯೂ ಸೇರಿ ಮಾಂಸವನ್ನು ಒಳಗಿನಿಂದಲೇ ಬೇಯಿಸುತ್ತವೆ. ಬಣ್ಣ ಮಾಸುತ್ತದೆ, ನೀರು ಬಿಡುತ್ತದೆ, ಬಾಯಿಗೆ ಹುಳಿ. ಜಪಾನಿನವರು ಇಂಥ ಮಾಂಸವನ್ನು 'ಯಕೆ' ಅನ್ನುತ್ತಾರೆ, ಸುಟ್ಟದ್ದು ಅಂತ ಅರ್ಥ. ಕಿವಿಗೆ ಥೇಟ್ ನಮ್ಮ 'ಯಾಕೆ'. ಗ್ರಿಲ್ ಮುಂದೆ ಕೂತು ನೀವೂ ಅದನ್ನೇ ಕೇಳಿಕೊಂಡಿರುತ್ತೀರಿ.

ಹಾಗಾಗಿ ಕೆಂಡದ ಮೇಲೆ ಇಟ್ಟಾಗ ಆ ಮೀನು ಆಗಲೇ ಒಂದು ಸಲ ಬೆಂದಿತ್ತು.

ನಾನೂ ಇದನ್ನು ಮಾಡಿದವನೇ. ಬೋಟಿಗೆ ಅಡುಗೆಯವನಾಗಿ ಸೇರಿದ ಮೊದಲ ವರ್ಷ, ಒಂದೇ ಬೆಳಿಗ್ಗೆ ಮೂರು ಟ್ಯೂನಾ ಬಂದವು. ಎಲ್ಲರೂ ಗಾಳದಲ್ಲಿ ಮುಳುಗಿದ್ದರು, ಮೀನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಐಸ್ ಖರ್ಚಾಗಬಾರದು ಅಂತ ದೊಡ್ಡ ಬುದ್ಧಿವಂತನ ಹಾಗೆ ಮೂರನ್ನೂ ಸಾಲಾಗಿ ಮಲಗಿಸಿ ಟಾರ್ಪಾಲು ಹೊದಿಸಿದೆ. ಸಂಜೆ ಬೋಟು ನಡೆಸುವ ತಾಂಡೇಲರು ಬಂದು ಒಂದನ್ನು ಸೀಳಿ, ಅಂಗೈ ಅಗಲದ ತುಂಡೊಂದನ್ನು ನನ್ನ ಕೈಗೆ ಕೊಟ್ಟು "ಒತ್ತು" ಅಂದರು. ಒತ್ತಿದೆ. ಹೆಬ್ಬೆರಳ ಗುರುತು ಹಾಗೇ ಉಳಿಯಿತು, ಬೆರಳ ಸಂದಿಯಿಂದ ನೀರು ಇಳಿಯಿತು. ಬೈಯಲಿಲ್ಲ. ಮೂರು ಮೀನನ್ನೂ ನನ್ನ ಕೈಯಿಂದಲೇ ಕಡಲಿಗೆ ಹಾಕಿಸಿದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಆಮೇಲೆ ಅವರ ಹತ್ತಿರವೇ ಕಲಿತದ್ದು ಇದು. ಸಾಧ್ಯವಾದಷ್ಟು ಬೇಗ ಮೇಲೆ ತನ್ನಿ. ತೆಳು ದಾರ, ಚಿಕ್ಕ ರೀಲ್ ಹಿಡಿದು ಗಂಟೆಗಟ್ಟಲೆ ಆಡಿಸುವುದು ಶೋಕಿ, ಊಟಕ್ಕಲ್ಲ. ಮೀನನ್ನು ಬೋಟಿಗೆ ಎತ್ತಲು ಕೊಕ್ಕೆ ಹಾಕುವುದಾದರೆ ತಲೆಗೆ ಹಾಕಿ, ಮೈಗೆ ಬೇಡ. ಮೀನು ಒದ್ದಾಡಲು ಬಿಡದೆ ಕಣ್ಣಿನ ಮೇಲುಭಾಗಕ್ಕೆ ಮರದ ಕೊಡತಿಯಿಂದ ಒಂದೇ ಪೆಟ್ಟು, ನಂತರ ಮಿದುಳಿಗೆ ಚೂಪಾದ ಸಲಾಕೆ. ಒದ್ದಾಟ ನಿಂತಿತು ಅಂದರೆ ಬಿಸಿ ಹುಟ್ಟುವುದೂ ನಿಂತಿತು. ಮೈ ಪಕ್ಕದ ಈಜುರೆಕ್ಕೆಯ ಬುಡದಿಂದ ಮೂರು ಬೆರಳು ಹಿಂದಕ್ಕೆ, ಒಂದಿಂಚು ಆಳಕ್ಕೆ ಅಡ್ಡ ಕೊಯ್ಯಿರಿ. ಅಲ್ಲೊಂದು ದೊಡ್ಡ ರಕ್ತನಾಳ ಚರ್ಮದ ಹತ್ತಿರವೇ ಹಾದುಹೋಗುತ್ತದೆ. ಸರಿಯಾದ ಜಾಗಕ್ಕೆ ಕತ್ತಿ ಬಿದ್ದರೆ ರಕ್ತ ತಾನಾಗಿ ಹರಿಯುತ್ತದೆ. ಬರೀ ಜಿನುಗಿದರೆ ಸ್ವಲ್ಪ ಹಿಂದೆಮುಂದೆ ನೋಡಿ. ಎರಡೂ ಪಕ್ಕ ಕೊಯ್ದು, ಕಿವಿರಿನ ಒಳಗೂ ಒಂದು ಗೀರು ಹಾಕಿ, ಬಾಯಿಗೆ ಸಮುದ್ರದ ನೀರಿನ ಪೈಪ್ ಇಟ್ಟುಬಿಡಿ. ರಕ್ತ ನಿಂತ ಮೇಲೆ ಕಿವಿರು, ಕರುಳು ತೆಗೆದು ನೇರ ಐಸಿಗೆ. ಬರೀ ಐಸಿನ ಮೇಲೆ ಮಲಗಿಸಿದರೆ ತಗಲಿದ ಕಡೆ ಮಾತ್ರ ತಣ್ಣಗಾಗುತ್ತದೆ. ಎರಡು ಪಾಲು ಪುಡಿ ಐಸಿಗೆ ಒಂದು ಪಾಲು ಸಮುದ್ರದ ನೀರು ಸೇರಿಸಿ ಗಂಜಿಯ ಹದ ಮಾಡಿಕೊಂಡರೆ ಮೀನಿನ ಮೈಪೂರ್ತಿ ಸೊನ್ನೆ ಡಿಗ್ರಿಯ ನೀರು ತಬ್ಬಿಕೊಳ್ಳುತ್ತದೆ. ನಿಮ್ಮ ಹದಿನಾಲ್ಕು ಕಿಲೋದ್ದು ಮೂಳೆಯವರೆಗೆ ತಣ್ಣಗಾಗಲು ಗಂಟೆಗಳೇ ಬೇಕು, ಐಸ್ ಕರಗುತ್ತಿದ್ದ ಹಾಗೆ ಸುರಿಯುತ್ತಿರಿ. ಬಾಟಲಿಗಳು ಬೇರೆ ಡಬ್ಬದಲ್ಲಿರಲಿ.

ಇನ್ನೊಂದು ಮಾತು ಹೇಳಿದರೆ ಜನ ನಂಬುವುದಿಲ್ಲ. ಟ್ಯೂನಾ ಹಿಡಿದ ರಾತ್ರಿಯೇ ತಿನ್ನಬೇಕಾಗಿಲ್ಲ. ಸತ್ತ ಕೆಲವು ಗಂಟೆಗೆ ಮೀನು ಸೆಟೆದುಕೊಳ್ಳುತ್ತದೆ, ಆಗ ಕೊಯ್ದು ಸುಟ್ಟರೆ ತುಂಡು ಮುದುಡಿ ಗಟ್ಟಿಯಾಗುತ್ತದೆ. ಚೆನ್ನಾಗಿ ರಕ್ತ ಇಳಿಸಿ ಐಸಿನಲ್ಲಿಟ್ಟದ್ದಾದರೆ ಮರುದಿನ ಸಂಜೆಗೆ ಅದರ ರುಚಿಯೇ ಬೇರೆ. ಆ ಒಂದು ರಾತ್ರಿ ಕಾಯುವ ತಾಳ್ಮೆ ನನಗೂ ಬಹಳ ವರ್ಷ ಇರಲಿಲ್ಲ.

ಗ್ರಿಲ್ ಬಗ್ಗೆ ಕೇಳಿದ್ದಿರಿ, ಅದು ಇದ್ದದ್ದರಲ್ಲಿ ಸುಲಭದ ಭಾಗ. ಮೀನನ್ನು ಬೆನ್ನಿನದು ಎರಡು, ಹೊಟ್ಟೆಯದು ಎರಡು, ಹೀಗೆ ನಾಲ್ಕು ಉದ್ದ ಸೀಳು ಮಾಡಿ, ಎಳೆಗೆ ಅಡ್ಡಲಾಗಿ ಎರಡು ಬೆರಳು ದಪ್ಪಕ್ಕೆ ತುಂಡು ಮಾಡಿ. ತೆಳ್ಳಗೆ ಕೊಯ್ದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿರುತ್ತದೆ. ಬಟ್ಟೆಯಿಂದ ಒತ್ತಿ ತೇವ ಪೂರ್ತಿ ತೆಗೆಯಿರಿ. ಎಣ್ಣೆಯನ್ನು ಸರಳಿಗಲ್ಲ, ತುಂಡಿಗೆ ಸವರಿ. ಉಪ್ಪು ಕೆಂಡಕ್ಕಿಡುವ ಹೊತ್ತಿಗೆ. ಇದ್ದಿಲಿನ ಮೇಲೆ ಬೂದಿ ಕವಿದು, ಉರಿ ಹೋಗಿ ಒಳಗೆ ಕೆಂಪು ಉಳಿದಿರಬೇಕು. ಸರಳಿನ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಎರಡಕ್ಕೇ ಕೈ ಹಿಂದೆಗೆದರೆ ಕೆಂಡ ತಯಾರು, ಐದರವರೆಗೆ ಎಣಿಸಲಾದರೆ ಇನ್ನೂ ಕಾಯಿರಿ.

ತುಂಡು ಇಟ್ಟ ಮೇಲೆ ಮುಟ್ಟಬೇಡಿ, ಕುಕ್ಕಬೇಡಿ. ಬಗ್ಗಿ ಅದರ ಪಕ್ಕವನ್ನೇ ನೋಡುತ್ತಿರಿ. ಕೆಂಪು ಮಾಂಸದಲ್ಲಿ ಕೆಳಗಿನಿಂದ ಬೂದುಬಿಳುಪಿನ ಗೆರೆಯೊಂದು ಮೇಲೇರುತ್ತದೆ, ಮಳೆಗಾಲದ ಗೋಡೆಗೆ ತೇವ ಏರಿದ ಹಾಗೆ. ಗೆರೆ ಅರ್ಧ ಬೆರಳಷ್ಟು ಏರುತ್ತಿದ್ದಂತೆ ಇಕ್ಕಳ ಹಾಕಿ. ಆಗ ತುಂಡು ತಾನಾಗಿ ಸರಳು ಬಿಟ್ಟು ಬರುತ್ತದೆ, ಬರದಿದ್ದರೆ ಇನ್ನೊಂದು ಹತ್ತು ಸೆಕೆಂಡ್. ಮಗುಚಿ, ಇನ್ನೊಂದು ಬದಿಯಿಂದಲೂ ಅಷ್ಟೇ ಗೆರೆ ಬಂದಾಗ ತೆಗೆದುಬಿಡಿ. ಒಂದು ಬದಿಗೆ ಒಂದೂವರೆ ನಿಮಿಷ ಮೀರುವುದಿಲ್ಲ. ನಡುವೆ ಕೆಂಪು ಉಳಿದಿರುತ್ತದೆ, ಅದೇ ಹದ. ಪೂರ್ತಿ ಬೆಂದೇ ಆಗಬೇಕು ಅನ್ನುವವರಿದ್ದರೆ ಅವರ ತುಂಡನ್ನು ಕೆಂಡದ ಅಂಚಿಗೆ ಸರಿಸಿ ನಿಧಾನಕ್ಕೆ ಬೇಯಿಸಿ, ಮೇಲಿಂದ ಎಣ್ಣೆ ಹಾಕುತ್ತಿರಿ. ವಾದಕ್ಕೆ ಹೋಗಬೇಡಿ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ಮಸಾಲೆ ಹಚ್ಚಿ ರಾತ್ರಿಯಿಡೀ ಇಡುವ ಬಗ್ಗೆ ನೀವು ಏನೂ ಹೇಳಲಿಲ್ಲ. ನಾನು ಕೋಳಿಗೆ ಹಾಗೇ ಮಾಡುತ್ತೇನೆ. ಟ್ಯೂನಾಕ್ಕೂ ಆಗುತ್ತದಲ್ಲವೇ?

ಉತ್ತರ: ಆಗುವುದಿಲ್ಲ. ನಿಂಬೆ, ವಿನೆಗರ್, ಮೊಸರು ಯಾವುದೇ ಹುಳಿ ಇರಲಿ, ಮೀನಿನ ಮೇಲ್ಮೈಯನ್ನು ಬೆಂಕಿ ಇಲ್ಲದೆಯೇ ಬೇಯಿಸಿಬಿಡುತ್ತದೆ. ತುಂಡಿನ ಸುತ್ತ ಬಿಳಿ ಪದರ ಕಟ್ಟಿದ್ದನ್ನು ನೀವೇ ನೋಡಿರುತ್ತೀರಿ. ಅದು ಕೆಂಡದ ಮೇಲೆ ಬಣ್ಣ ತಿರುಗುವುದಿಲ್ಲ, ಪುಡಿಪುಡಿಯಾಗುತ್ತದೆ. ಎಣ್ಣೆ, ಜಜ್ಜಿದ ಮೆಣಸು, ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಸಾಕು. ಬೆಳ್ಳುಳ್ಳಿಯನ್ನು ಕೆಂಡಕ್ಕಿಡುವ ಮುಂಚೆ ಒರೆಸಿ ತೆಗೆಯಿರಿ, ಕರಕಲಾದರೆ ಕಹಿ. ನಿಂಬೆ ತಟ್ಟೆಗೆ ಬಂದ ಮೇಲೆ ಹಿಂಡಿಕೊಳ್ಳಿ.

ಪ್ರಶ್ನೆ: ಅಣ್ಣಾ, ಟ್ಯೂನಾ ಕೊಯ್ಯುವಾಗ ನಡುವೆ ಕಪ್ಪುಗೆಂಪಿನ ಪಟ್ಟಿ ಬರುತ್ತದಲ್ಲ, ಅದು ಕೊಳಕು ರಕ್ತ, ಎಸೆಯಬೇಕು ಅಂತ ನಮ್ಮತ್ತೆ. ಎಸೆಯಲು ನನಗೆ ಮನಸ್ಸಿಲ್ಲ.

ಉತ್ತರ: ರಕ್ತ ಹೆಪ್ಪುಗಟ್ಟಿದ್ದಲ್ಲಮ್ಮ, ಅದೂ ಸ್ನಾಯುವೇ. ದಿನವಿಡೀ ಒಂದೇ ಸಮನೆ ಈಜುವ ಕೆಲಸ ಅದರದ್ದು, ಅದಕ್ಕೇ ಅಷ್ಟು ಕಪ್ಪು. ಕಬ್ಬಿಣದ ಅಂಶ ಹೆಚ್ಚು, ವಾಸನೆಯೂ ಹೆಚ್ಚು, ಬೇಗ ಕೆಡುವುದೂ ಅದೇ. ಗ್ರಿಲ್ ತುಂಡಿನಿಂದ ಅದನ್ನು ಬಿಡಿಸಿಬಿಡಿ, ಆ ಮಟ್ಟಿಗೆ ಅತ್ತೆ ಗೆದ್ದರು. ಮೀನು ಕ್ರಮವಾಗಿ ಐಸಿನಲ್ಲಿದ್ದದ್ದೇ ಆದರೆ ಆ ಪಟ್ಟಿಯನ್ನು ಚಿಕ್ಕ ಚೂರು ಮಾಡಿ, ಮೆಣಸು ಜಾಸ್ತಿ ಹಾಕಿ ಬಾಣಲೆಯಲ್ಲಿ ಹುರಿದುಕೊಳ್ಳಿ. ಬೋಟಿನಲ್ಲಿ ಅದು ಅಡುಗೆಯವನ ಪಾಲು, ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ. ನಾನೂ ಯಾರಿಗೂ ರುಚಿ ತೋರಿಸಲು ಹೋಗಲಿಲ್ಲ.

ಪ್ರಶ್ನೆ: ಒಳಗೆ ಕೆಂಪು ಬಿಡಿ ಅನ್ನುತ್ತೀರಿ. ಹುಳು ಇದ್ದರೆ?

ಉತ್ತರ: ಒಳ್ಳೆಯ ಅನುಮಾನ. ಹಸಿಯಾಗಿ ತಿನ್ನುವ ಮೀನನ್ನು ಹುಳು ಸಾಯಲೆಂದು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಎಂಬುದು ಅಮೆರಿಕದ ಆಹಾರ ಸಂಹಿತೆಯ ನಿಯಮ. ಅದರಲ್ಲಿ ಯೆಲ್ಲೋಫಿನ್, ಬಿಗ್‌ಐ, ಬ್ಲೂಫಿನ್, ಆಲ್ಬಕೋರ್ ಟ್ಯೂನಾಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಸ್ಕಿಪ್‌ಜಾಕ್ ಟ್ಯೂನಾ ಆ ಪಟ್ಟಿಯಲ್ಲಿಲ್ಲ, ಅದನ್ನು ನಾನು ಪೂರ್ತಿ ಬೇಯಿಸುತ್ತೇನೆ. ವಿನಾಯಿತಿ ಹುಳುವಿಗೆ ಮಾತ್ರ ಎಂಬುದು ನೆನಪಿರಲಿ, ಬಿಸಿಲಲ್ಲಿ ಬಿದ್ದಿದ್ದ ಮೀನಿಗೆ ಯಾವ ವಿನಾಯಿತಿಯೂ ಇಲ್ಲ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ಎದ್ದವರಿಗೆ ಕೆಂಪು ಬಿಡಬೇಡಿ, 63 ಡಿಗ್ರಿ ಒಳಗಿನವರೆಗೆ ಮುಟ್ಟಲಿ. ಮುಳ್ಳಿನಂಥ ಥರ್ಮಾಮೀಟರ್ ಸಿಗುತ್ತದೆ, ತುಂಡಿನ ಪಕ್ಕದಿಂದ ಚುಚ್ಚಿ ನೋಡಬಹುದು.

ಪ್ರಶ್ನೆ: ಸೊಸೆ ಐದು ತಿಂಗಳ ಬಸುರಿ. ಮಗ ಟ್ಯೂನಾ ಹಿಡಿದು ತಂದಿದ್ದಾನೆ, ಅವಳಿಗೆ ಆಸೆ. ಪಾದರಸ ಇರುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಕೊಡಬಹುದೇ?

ಉತ್ತರ: ಯಾವ ಟ್ಯೂನಾ ಅನ್ನುವುದರ ಮೇಲಿದೆ. ದೊಡ್ಡದಾಗಿ ಬೆಳೆದು, ಹೆಚ್ಚು ವರ್ಷ ಬದುಕಿ, ಬೇರೆ ಮೀನು ತಿಂದ ಟ್ಯೂನಾದಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ. ಬಿಗ್‌ಐ ಬಸುರಿಯರಿಗೆ ಬೇಡವೇ ಬೇಡ ಅಂತ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ಬ್ಲೂಫಿನ್ನನ್ನೂ ನಾನು ಅದರ ಜೊತೆಗೇ ಸೇರಿಸುತ್ತೇನೆ. ಯೆಲ್ಲೋಫಿನ್ ಆದರೆ ವಾರಕ್ಕೆ ಒಂದೇ ಸಲ, ಅದೂ ಅಂಗೈಯಗಲದ ಒಂದು ತುಂಡು, ಸುಮಾರು 110 ಗ್ರಾಂ. ಚಿಕ್ಕ ಜಾತಿಯಾದ ಸ್ಕಿಪ್‌ಜಾಕ್‌ನಲ್ಲಿ ಕಡಿಮೆ. ಪೂರ್ತಿ ಬೇಯಿಸಿ ಕೊಡಿ, ಅವರ ವೈದ್ಯರನ್ನೂ ಒಂದು ಮಾತು ಕೇಳಿ. ಆಸೆ ಪಟ್ಟವಳಿಗೆ ಏನೂ ಕೊಡದೆ ಅವಳೆದುರಿಗೇ ಗ್ರಿಲ್ ಹಚ್ಚಬೇಡಿ, ಅದಂತೂ ನನ್ನ ಸ್ವಂತ ಸಲಹೆ.

ಪ್ರಶ್ನೆ: ಅಂಕಲ್, ನಾನು ಏಳನೇ ಕ್ಲಾಸು. ಗಾಳದಲ್ಲಿ ಸಿಕ್ಕಿದ ಎಲ್ಲಕ್ಕಿಂತ ದೊಡ್ಡ ಟ್ಯೂನಾ ಎಷ್ಟು ದೊಡ್ಡದು? ನೀವು ಹಿಡಿದದ್ದು ಎಷ್ಟು ದೊಡ್ಡದು?

ಉತ್ತರ: ದಾಖಲೆಯಲ್ಲಿರುವುದು 679 ಕಿಲೋದ ಬ್ಲೂಫಿನ್, ಪುಟ್ಟಾ. 1979ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಕೆನ್ ಫ್ರೇಜರ್ ಎಂಬವರು ಹಿಡಿದದ್ದು. ಅದಕ್ಕೂ ಹಿಂದೆ, 1898ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಕ್ಯಾಟಲೀನಾ ದ್ವೀಪದ ಹತ್ತಿರ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬವರು 83 ಕಿಲೋದ್ದನ್ನು ಹಿಡಿದು, ಆ ಖುಷಿಗೆ ಟ್ಯೂನಾ ಹಿಡಿಯುವವರದ್ದೇ ಒಂದು ಕ್ಲಬ್ಬು ಕಟ್ಟಿದರು. ನನ್ನದು ಮೂವತ್ತೊಂದು ಕಿಲೋ. ಅದರಲ್ಲೂ ಅರ್ಧ ಹೊತ್ತು ರೀಲ್ ಹಿಡಿದಿದ್ದವನು ಬೇರೆಯವನು, ನಾನು ಅವನ ಸೊಂಟ ಹಿಡಿದುಕೊಂಡಿದ್ದೆ.

ಪ್ರಶ್ನೆ: ಕೊಯ್ದ ಟ್ಯೂನಾ ತುಂಡಿನ ಮೇಲೆ ಕಾಮನಬಿಲ್ಲಿನ ಬಣ್ಣ ಹೊಳೆಯುತ್ತದೆ, ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಿದ್ದ ಹಾಗೆ. ಔಷಧಿ ಹಾಕಿರುತ್ತಾರಾ?

ಉತ್ತರ: ಇಲ್ಲ. ಮಾಂಸದ ಎಳೆಗಳನ್ನು ಚೂಪು ಕತ್ತಿಯಿಂದ ಅಡ್ಡ ಕೊಯ್ದಾಗ ಆ ನುಣುಪಿನ ಮೇಲೆ ಬೆಳಕು ಒಡೆದು ಹಾಗೆ ಕಾಣುತ್ತದೆ. ತುಂಡನ್ನು ಕೈಯಲ್ಲಿ ಓಲಿಸಿ ನೋಡಿ, ಬಣ್ಣವೂ ಓಡಾಡುತ್ತದೆ. ಓಲಿಸಿದರೂ ಇದ್ದಲ್ಲೇ ಇರುವ ಹಸಿರು ಮಚ್ಚೆಯಾದರೆ ಮಾತ್ರ ಕೆಂಡದವರೆಗೆ ತರಬೇಡಿ.